ಕೋಲಾರದ ಒಂದು ಕಟ್ಟು ಹಾಕುವ ಅಂಗಡಿ: ಹತ್ತು ಫೋಟೋ, ನಾಲ್ಕು ಓಡಾಟ, ಮೂರು ಜೂನ್ 6

ಐದಕ್ಕೆ ಮೂರೂವರೆ ಕೊಡುತ್ತಿದ್ದೇನೆ. ಕಟ್ಟಿನ ಕೆಲಸಕ್ಕೆ ನಾಲ್ಕೂವರೆ, ಫೋಟೋ ಕೆಳಗಿನ ಬರಹಕ್ಕೆ ಎರಡು, ಹೇಳಿದ ದಿನಕ್ಕೆ ಕೊಡುವುದಕ್ಕೆ ಒಂದು. ಸರಾಸರಿ ತೆಗೆದರೆ ಮೂರೂವರೆ ಬರುವುದಿಲ್ಲ, ಗೊತ್ತು. ಮಿಕ್ಕಿದ್ದು ಅಂಗಡಿಯಣ್ಣನ ಮಾತಿಗೆ.

ಅಂಗಡಿ ಹೆಸರು ಬರೆಯುವುದಿಲ್ಲ. ಬೈದಿರುವುದೂ ಇದೆ, ಹೊಗಳಿರುವುದೂ ಇದೆ, ನಾಳೆ ನಾನು ಮತ್ತೆ ಅದೇ ಅಂಗಡಿಗೆ ಹೋಗಬೇಕು. ಕೋಲಾರದ ಕ್ಲಾಕ್ ಟವರ್ ಕಡೆಯಿಂದ ಒಳಗೆ ಹೋಗುವ ಅಡ್ಡರಸ್ತೆಯೊಂದರಲ್ಲಿದೆ ಅಂದುಕೊಳ್ಳಿ. ಆ ಕಡೆ ಅಂಥ ಅಂಗಡಿಗಳು ಬೇಕಾದಷ್ಟಿವೆ.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಒಂದೇ ರೂಮು, ಎರಡು ಉದ್ದದ ಟೇಬಲ್ಲು, ನಾಲ್ಕು ಟ್ಯೂಬ್‌ಲೈಟು. ಬೆಳಿಗ್ಗೆ ಪೇಪರ್ ಓದುವ ಅಜ್ಜಂದಿರು, ಸಂಜೆ ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಸುಣ್ಣ ಬಣ್ಣ ಆದ ಮೇಲೆ ಗೋಡೆ ಬೋಳಾಗಿ ಕಾಣುತ್ತಿತ್ತು. ನಮ್ಮ ಕಡೆ ಹುಟ್ಟಿ ಒಂದೊಂದು ಕ್ಷೇತ್ರದಲ್ಲಿ ಹೆಸರು ಮಾಡಿದವರ ಫೋಟೋ ಹಾಕೋಣ, ಕೆಳಗೆ ನಾಲ್ಕು ಸಾಲು ಬರೆಸೋಣ ಅಂತ ಪಂಚಾಯಿತಿಯಲ್ಲಿ ಮಾತಾಯಿತು. ಹಾಲಿನ ಡೇರಿಯವರು ಮೂರು ಸಾವಿರ ಕೊಟ್ಟರು. ಮಿಕ್ಕಿದ್ದು ಸ್ಕೂಲ್ ಮೇಷ್ಟ್ರುಗಳು ಮತ್ತು ನಾನು.

ಮುಳಬಾಗಿಲಿನಲ್ಲೇ ಕಟ್ಟು ಹಾಕುವವರಿದ್ದಾರೆ. ಕೋಲಾರಕ್ಕೆ ಯಾಕೆ ಹೋದೆ ಅಂದರೆ, ಇಲ್ಲಿ ಪ್ರಿಂಟ್ ಒಂದು ಕಡೆ, ಕಟ್ಟು ಇನ್ನೊಂದು ಕಡೆ. ಆ ಅಂಗಡಿಯಲ್ಲಿ ಎರಡೂ ಒಂದೇ ಸೂರಿನಡಿ. ಫೋಟೋ ಹುಡುಕುವುದು, ಬರಹ ಕೂರಿಸುವುದು, ಪ್ರಿಂಟು, ಗಾಜು, ಕಟ್ಟು ಎಲ್ಲಾ ಸೇರಿ 12 ಇಂಚು 18 ಇಂಚಿನ ಒಂದಕ್ಕೆ 520 ರೂಪಾಯಿ ಹೇಳಿದರು. ಹತ್ತಕ್ಕೆ 5,200. ಚೌಕಾಸಿ ಮಾಡಿ ಐದು ಸಾವಿರಕ್ಕೆ ಮುಗಿಸಿದೆ. ಈಗ ಅನಿಸುತ್ತದೆ, ಚೌಕಾಸಿ ಬೆಲೆಗೆ ಮಾಡುವ ಬದಲು ದಿನಕ್ಕೆ ಮಾಡಬೇಕಿತ್ತು.

ಹತ್ತು ಜನ ಯಾರು ಅನ್ನುವುದೇ ದೊಡ್ಡ ಪಂಚಾಯಿತಿಯಾಯಿತು. ಮೊದಲ ಜಗಳ, ಸರ್ ಎಂ. ವಿಶ್ವೇಶ್ವರಯ್ಯ ನಮ್ಮವರಾ ಅಲ್ಲವಾ ಅಂತ. ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. ನಮ್ಮ ಜಿಲ್ಲೆ ಒಡೆದದ್ದು 2007ರಲ್ಲಿ. ಪೇಪರ್ ಓದುವ ಅಜ್ಜ ಒಬ್ಬರು, "ಅಮ್ಮಯ್ಯಾ, ಅವರು ಹುಟ್ಟಿದಾಗ ನೀನೂ ಇರಲಿಲ್ಲ, ಚಿಕ್ಕಬಳ್ಳಾಪುರ ಜಿಲ್ಲೆನೂ ಇರಲಿಲ್ಲ, ಹಾಕು" ಅಂದರು. ಹಾಕಿದೆವು. ಅದೇ ಲೆಕ್ಕದಲ್ಲಿ ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯ ಮೇಷ್ಟ್ರು, ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರು ಬಂದರು. ನಮ್ಮದೇ ಊರಿನ ಕಡೆಯಿಂದ ಡಿ.ವಿ. ಗುಂಡಪ್ಪ. ಮಾಲೂರು ತಾಲ್ಲೂಕಿನಿಂದ ಮಾಸ್ತಿ. ಕೋಲಾರದಲ್ಲಿ ಹುಟ್ಟಿದ ಅ.ನ. ಕೃಷ್ಣರಾಯರು. ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ನರಸಾಪುರದ ಹತ್ತಿರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಮುಳಬಾಗಿಲು ಕಡೆಯವರೇ ಆದ ನಟಿ ಸೌಂದರ್ಯ. ಒಬ್ಬ ಮೆಂಬರು ತಮ್ಮ ಲೀಡರ್ ಫೋಟೋನೂ ಇರಲಿ ಅಂದರು. ಮುಂದಿನ ಎಲೆಕ್ಷನ್‌ಗೆ ನಿಲ್ಲುವವರು ಯಾರೂ ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆ.

ಸೌಂದರ್ಯ ಬೇಕಾ ಅಂತ ಇಬ್ಬರು ಹಿರಿಯರು ಮೂಗು ಮುರಿದರು. ಸಿನಿಮಾದವರ ಫೋಟೋ ಲೈಬ್ರರಿಯಲ್ಲಾ ಅಂತ. "ದ್ವೀಪ" ಸಿನಿಮಾಕ್ಕೆ ದುಡ್ಡು ಹಾಕಿ ನಿರ್ಮಾಣ ಮಾಡಿದವರು ಅವರೇ, ಅದಕ್ಕೆ ಸ್ವರ್ಣಕಮಲ ಬಂತು ಅಂದೆ. ಸುಮ್ಮನಾದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಒಂಬತ್ತಾದ ಮೇಲೆ ಹತ್ತನೇ ಕ್ಲಾಸಿನ ಒಂದು ಹುಡುಗಿ ಕೇಳಿದಳು. "ಅಕ್ಕಾ, ಒಂಬತ್ತರಲ್ಲಿ ಹೆಂಗಸರು ಒಬ್ಬರೇನಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಲ್ಲೆಯ ಗೆರೆ ದಾಟಿ ತುಮಕೂರಿಗೆ ಹೋದೆವು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹತ್ತನೆಯವರಾದರು. ಜಿಲ್ಲೆ ಒಡೆದದ್ದಕ್ಕೆ ಅಷ್ಟು ಮಾತಾಡಿದವರು ಇದಕ್ಕೆ ಒಂದು ಮಾತೂ ಆಡಲಿಲ್ಲ!

ಈಗ ಅಂಗಡಿಗೆ ಬರುತ್ತೇನೆ.

ಎಂಟು ಅಡಿ ಅಗಲದ ಅಂಗಡಿ. ಒಳಗೆ ಹೋದರೆ ಎಡಗಡೆ ಗೋಡೆ ತುಂಬಾ ದೇವರು. ತಿರುಪತಿ ತಿಮ್ಮಪ್ಪ, ಕೋಲಾರಮ್ಮ, ಕುರುಡುಮಲೆ ಗಣಪ. ಬಲಗಡೆ ಗೋಡೆ ತುಂಬಾ ತೀರಿಕೊಂಡವರು, ಇನ್ನೂ ಮನೆಯವರು ಬಂದು ತೆಗೆದುಕೊಂಡು ಹೋಗಬೇಕಾದ ಫೋಟೋಗಳು. ಅಂಗಡಿ ನಡೆಯುವುದೇ ಇವೆರಡರ ಮೇಲೆ. ಇದನ್ನು ಮೊದಲೇ ಗಮನಿಸಿದ್ದರೆ ಮುಂದೆ ಆದದ್ದು ನನಗೆ ಆಶ್ಚರ್ಯ ಆಗುತ್ತಿರಲಿಲ್ಲ.

ನಾಲ್ಕನೇ ದಿನ ರಾತ್ರಿ ಒಂಬತ್ತೂವರೆಗೆ ವಾಟ್ಸಾಪಿಗೆ ಮೊದಲ ಪ್ರೂಫ್ ಬಂತು. ವಿಶ್ವೇಶ್ವರಯ್ಯನವರು. ಜರಿ ಪೇಟ, ಕೋಟು, ಎಲ್ಲಾ ಸರಿಯಾಗಿದೆ. ಎರಡೂ ಪಕ್ಕ ಉರಿಯುವ ದೀಪ. ಕೆಳಗೆ ದಪ್ಪ ಅಕ್ಷರದಲ್ಲಿ "ಭಾವಪೂರ್ಣ ಶ್ರದ್ಧಾಂಜಲಿ". ಅದರ ಕೆಳಗೆ ಜನನ, ಮರಣ. ಅದರ ಕೆಳಗೆ "ದುಃಖತಪ್ತ ಕುಟುಂಬ ವರ್ಗದವರು ಹಾಗೂ ಬಂಧು ಮಿತ್ರರು".

ನನಗೆ ನಗು ತಡೆಯಲಿಲ್ಲ. ನಮ್ಮ ಯಜಮಾನರಿಗೆ ತೋರಿಸಿದೆ, ಅವರು ಊಟ ಬಿಟ್ಟು ನಕ್ಕರು. ಫೋನ್ ಮಾಡಿದರೆ ಅಂಗಡಿಯಣ್ಣ, "ಅಯ್ಯೋ ಅಕ್ಕಾ, ಹುಡುಗ ಅದೇ ಫೈಲಲ್ಲಿ ಕೂರಿಸವ್ನೆ, ದಿನಾ ಅದನ್ನೇ ಮಾಡ್ತಾನಲ್ಲ, ಕೈ ಅಭ್ಯಾಸ" ಅಂದರು. 1962ರಲ್ಲಿ ತೀರಿಕೊಂಡವರಿಗೆ ನಾವು ಈಗ ದುಃಖತಪ್ತರಾಗುವುದು ಬೇಡ ಅಣ್ಣಾ ಅಂದೆ.

ಬರಹದ ಕಥೆ ಇಲ್ಲಿಂದ ಶುರು. ನಾನು ಎಲ್ಲಾ ನಾಲ್ಕು ನಾಲ್ಕು ಸಾಲು ಹಾಳೆಯಲ್ಲಿ ಕೈಯಲ್ಲಿ ಬರೆದು ಕೊಟ್ಟಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಬೇಕಿತ್ತು. ಆಮೇಲೆ ಟೈಪ್ ಮಾಡಿ ಕಳಿಸಿದರೂ ಪೂರ್ತಿ ಸರಿಯಾಗಲಿಲ್ಲ. ಅವರ ಕಂಪ್ಯೂಟರಿನಲ್ಲಿ ಹಳೇ ಫಾಂಟು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ ಉದುರುತ್ತದೆ. "ವಿಶ್ವೇಶ್ವರಯ್ಯ" ಹೋಗಿ "ವಿಶೇಶ್ವರಯ್ಯ" ಆಯಿತು. "ಜ್ಞಾನಪೀಠ" ಹೋಗಿ "ಜ್ಞಾನಪೀಟ" ಆಯಿತು. ಅ.ನ.ಕೃ. ಅವರು ಅ.ನ.ಕ್ರ. ಆದರು. ಕನ್ನಡಕ್ಕಾಗಿ ಬೀದಿಗಿಳಿದು ಹೋರಾಡಿದವರು, ನೂರಕ್ಕೂ ಜಾಸ್ತಿ ಕಾದಂಬರಿ ಬರೆದವರು. ಅವರ ಹೆಸರಿನ ಅಕ್ಷರವೇ ತಪ್ಪಿದರೆ ಹೇಗೆ? ಹುಡುಗನಿಗೆ ಹೇಳಿದರೆ, "ಎರಡೂ ಒಂದೇ ಅಲ್ವಾ ಮೇಡಂ" ಅಂದ. ಇಲ್ಲ ಕಣಪ್ಪಾ ಅಂತ ಕೂರಿಸಿಕೊಂಡು ವಟ್ರಸುಳಿ ಬರೆದು ತೋರಿಸಿದೆ. ಬುದ್ಧಿವಂತ ಹುಡುಗ, ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ನಮ್ಮ ಪಂಚಾಯಿತಿಯವರೂ ಕೇಳಿದರು. ನಮ್ಮ ಲೈಬ್ರರಿಯಲ್ಲಿ ಕೂತು ಓದುವವರು ಪರೀಕ್ಷೆ ಬರೆಯುವವರು. ದಿನಾ ಕಣ್ಣೆದುರಿಗಿರುವ ಗೋಡೆಯ ಮೇಲೆ ತಪ್ಪು ಇಸವಿ ಇದ್ದರೆ ಪರೀಕ್ಷೆಯಲ್ಲೂ ಅದೇ ಬರೆದು ಬರುತ್ತಾರೆ. ಕೆ.ಸಿ. ರೆಡ್ಡಿಯವರದ್ದೇ ನೋಡಿ. ಹುಡುಗ ನನ್ನ ಸಾಲನ್ನು ಬಿಟ್ಟು ತಾನೇ "ಕರ್ನಾಟಕದ ಮೊದಲ ಮುಖ್ಯಮಂತ್ರಿ" ಅಂತ ಹಾಕಿದ್ದ. ಮಾತಾಡುವಾಗ ನಾವೆಲ್ಲ ಹಾಗೇ ಅನ್ನುತ್ತೇವೆ. ಆದರೆ 1947ರ ಅಕ್ಟೋಬರ್‌ನಲ್ಲಿ ಅವರು ಕುರ್ಚಿಯಲ್ಲಿ ಕೂತಾಗ ಇದ್ದದ್ದು ಮೈಸೂರು. ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. "ಮೈಸೂರಿನ ಮೊದಲ ಮುಖ್ಯಮಂತ್ರಿ, 1947ರಿಂದ 1952" ಅಂತ ತಿದ್ದಿಸಿದೆ. ಕೆಳಗೆ "ಮೈಸೂರು ಚಲೋ ಚಳವಳಿಯ ಮುಂದಾಳು" ಅಂತ ಒಂದು ಸಾಲು. ನಮ್ಮ ಪಕ್ಕದ ತಾಲ್ಲೂಕಿನ ಹಳ್ಳಿಯ ಒಬ್ಬರು ಮಹಾರಾಜರ ಸರ್ಕಾರ ಹೋಗಿ ಜನರ ಸರ್ಕಾರ ಬಂದಾಗ ಮೊದಲು ಕೂತವರು ಅನ್ನುವುದು ನಮ್ಮೂರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನನಗೂ ಈ ಕೆಲಸ ಮಾಡುವವರೆಗೆ ಇಸವಿ ಗೊತ್ತಿರಲಿಲ್ಲ.

ವಿಶ್ವೇಶ್ವರಯ್ಯನವರ ಇಸವಿ ಇನ್ನೊಂದು ತಲೆನೋವು. ಸೆಪ್ಟೆಂಬರ್ 15 ಎಲ್ಲರಿಗೂ ಗೊತ್ತು, ಎಂಜಿನಿಯರುಗಳ ದಿನ. ವರ್ಷ ಮಾತ್ರ ಒಂದು ಪುಸ್ತಕದಲ್ಲಿ 1860, ಇನ್ನೊಂದರಲ್ಲಿ 1861. ಅವರ ನೂರನೇ ವರ್ಷದ ಅಂಚೆಚೀಟಿ ಬಂದದ್ದು 1960ರಲ್ಲಿ, ಅವರು ಬದುಕಿದ್ದಾಗಲೇ. ಪಿಡಿಒ ಪರೀಕ್ಷೆಗೆ ಓದುವ ಹುಡುಗ 1861 ಅನ್ನುತ್ತಾನೆ, ಅಜ್ಜ ಅಂಚೆಚೀಟಿ ಹಿಡಿದುಕೊಂಡು 1860 ಅನ್ನುತ್ತಾರೆ. ಅಂಗಡಿಯಣ್ಣ ಫೋನಿನಲ್ಲಿ, "ಅಕ್ಕಾ, ಎರಡರಲ್ಲಿ ಒಂದು ಹೇಳಿ, ಮಿಷನ್ ಆನ್ ಐತೆ" ಅಂತ ಕಾಯುತ್ತಿದ್ದಾರೆ. ಹುಟ್ಟಿದ ವರ್ಷವನ್ನೇ ತೆಗೆಸಿದೆ. "ಸೆಪ್ಟೆಂಬರ್ 15, ಮುದ್ದೇನಹಳ್ಳಿ. 1903ರಲ್ಲಿ ಪುಣೆಯ ಖಡಕ್‌ವಾಸ್ಲಾದಲ್ಲಿ ನೀರು ಏರಿದಾಗ ತಾವೇ ತೆರೆದುಕೊಳ್ಳುವ ಗೇಟು. 1912ರಿಂದ 1918 ಮೈಸೂರಿನ ದಿವಾನರು. 1955 ಭಾರತರತ್ನ." ಸಾಕು ಅಲ್ವಾ? ಪಿಡಿಒ ಹುಡುಗ ಇನ್ನೂ ಮುನಿಸಿಕೊಂಡಿದ್ದಾನೆ. ಅವನಿಗೆ ಆ ಗೇಟಿನ ಸಾಲು ಬೇಡ, ವರ್ಷ ಬೇಕು. ಮಕ್ಕಳಿಗೆ ಮಾತ್ರ ಆ ಗೇಟೇ ಇಷ್ಟ. ತಾನೇ ಹೇಗೆ ತೆರೆಯುತ್ತದೆ ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ.

ಡಿ.ವಿ.ಜಿ. ಅವರ ಸಾಲಿಗೆ ನಡೆದ ಜಗಳ ಅಂಗಡಿಯಲ್ಲಿ ಅಲ್ಲ, ಡೇರಿ ಕಟ್ಟೆಯ ಮೇಲೆ. ನಾನು ಬರೆದದ್ದು ಹೀಗೆ: "ಜನನ 1887, ಮುಳಬಾಗಿಲು. ಮೆಟ್ರಿಕ್ ಪಾಸಾಗಲಿಲ್ಲ. ಜಟಕಾ ಗಾಡಿಗೆ ಬಣ್ಣ ಬಳಿಯುವ ಕಡೆ ಕೆಲಸ ಮಾಡಿದರು. ಪತ್ರಕರ್ತರಾದರು. ಮಂಕುತಿಮ್ಮನ ಕಗ್ಗ 1943. ಪದ್ಮಭೂಷಣ 1974." ಡೇರಿ ಸೆಕ್ರೆಟರಿಗೆ ಎರಡನೇ ಸಾಲು ಹಿಡಿಸಲಿಲ್ಲ. "ಏನಮ್ಮಾ, ಅಷ್ಟು ದೊಡ್ಡವರ ಫೋಟೋ ಕೆಳಗೆ ಪಾಸಾಗಲಿಲ್ಲ ಅಂತ ಹಾಕಿದರೆ ಮರ್ಯಾದೆನಾ? ದುಡ್ಡು ಕೊಟ್ಟಿರೋದು ನಾವು" ಅಂದರು. ನಾನು ಮರುಮಾತಾಡಲಿಲ್ಲ. ಬೇಸಿಗೆಯಲ್ಲಿ ರಿಸಲ್ಟ್ ಬಂದ ದಿನ ಒಬ್ಬ ಹುಡುಗ ಲೈಬ್ರರಿ ಹಿಂದೆ ಕೂತು ಕತ್ತಲಾಗುವವರೆಗೆ ಮನೆಗೆ ಹೋಗಿರಲಿಲ್ಲ. ಅವನ ಅಪ್ಪನನ್ನು ಕರೆಸಿದ್ದು ಇದೇ ಸೆಕ್ರೆಟರಿ. ಅದನ್ನು ನೆನಪು ಮಾಡಿದೆ, ಅಷ್ಟೇ. "ಹಾಕ್ಕೋ ಹೋಗು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಜಟಕಾ ಅಂತ ಇರೋದು ಚೆನ್ನಾಗೈತೆ" ಅಂತಲೂ ಅಂದರು.

ಮತ್ತೆ ಅಂಗಡಿ. ಮೂರನೇ ಸಲ ಪ್ರೂಫ್ ಬಂದಾಗ ಅಕ್ಷರ ಸರಿಯಾಗಿತ್ತು, ಮುಖ ಕೆಟ್ಟಿತ್ತು. ಹುಡುಗ ಎಲ್ಲರನ್ನೂ ಒಂದು ಆ್ಯಪ್‌ಗೆ ಹಾಕಿ ಬೆಳ್ಳಗೆ ಮಾಡಿದ್ದ. ಸುಕ್ಕು ಇಲ್ಲ, ತುಟಿಗೆ ಕೆಂಪು. ಎಚ್. ನರಸಿಂಹಯ್ಯನವರ ಗಾಂಧಿ ಟೋಪಿಗೆ ತಿಳಿ ಗುಲಾಬಿ ಬಣ್ಣ ಬಂದಿತ್ತು. ಬಿ.ಕೆ.ಎಸ್. ಅಯ್ಯಂಗಾರ್ ಅವರ ಹುಬ್ಬು ನೀವು ನೋಡಿರುತ್ತೀರಿ. ಎರಡು ಪೊದೆ ಇದ್ದ ಹಾಗೆ. ಅದನ್ನು ಬ್ಯೂಟಿ ಪಾರ್ಲರಿಗೆ ಹೋಗಿ ಬಂದವರ ಹಾಗೆ ಸಣ್ಣಗೆ ಮಾಡಿದ್ದ! ಹುಡುಗನದ್ದೇನೂ ಕೆಟ್ಟ ಬುದ್ಧಿ ಅಲ್ಲ. ಮದುವೆ ಫೋಟೋಗೆ ಬರುವವರು, ತೀರಿಕೊಂಡವರ ಮನೆಯವರು ಎಲ್ಲರೂ "ಸ್ವಲ್ಪ ಬೆಳ್ಳಗೆ ಮಾಡಪ್ಪಾ" ಅಂತಲೇ ಕೇಳುತ್ತಾರಂತೆ. ಹೇಳದಿದ್ದರೆ ಬೆಳ್ಳಗೆ ಮಾಡುವುದೇ ಅಲ್ಲಿಯ ಪದ್ಧತಿ. ನೀವು ಹೋದರೆ ಮೊದಲೇ ಹೇಳಿಬಿಡಿ, ಮುಖ ಮುಟ್ಟಬೇಡಿ ಅಂತ.

ಆ ಹುಬ್ಬಿನ ಮಾತು ಬಂದಾಗಲೇ ಹುಡುಗನಿಗೆ ಹೇಳಿದೆ. ಇವರು 1918ರಲ್ಲಿ ಇಲ್ಲೇ ಬೆಳ್ಳೂರಿನಲ್ಲಿ ಹುಟ್ಟಿದಾಗ ಜ್ವರದ ಮಾರಿ ಇತ್ತು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಆಗಿತ್ತು. ಮೈಸೂರಿನಲ್ಲಿ ಭಾವನವರಾದ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತರು. ಆಮೇಲೆ ಪುಣೆಗೆ ಹೋಗಿ ಪ್ರಪಂಚಕ್ಕೇ ಕಲಿಸಿದರು. 95 ವರ್ಷ ಬದುಕಿದರು. ಹುಡುಗ ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಆರು ತಿಂಗಳು ಕೆಲಸ ಮಾಡಿದವನಂತೆ. "ಬೆಳ್ಳೂರು ಅಲ್ಲೇ ಪಕ್ಕ ಮೇಡಂ, ದಿನಾ ಕ್ಯಾಬಲ್ಲಿ ಹೋಗ್ತಿದ್ದೆ, ಒಂದು ದಿನಾನೂ ಯಾರೂ ಹೇಳಿಲ್ಲ" ಅಂದ. ಹುಬ್ಬು ವಾಪಸ್ ಬಂತು. ಟೋಪಿ ಬೆಳ್ಳಗಾಯಿತು.

ಇನ್ನು ಜೂನ್ 6.

ಒಂದು ಮಧ್ಯಾಹ್ನ ಅಂಗಡಿಯಣ್ಣನೇ ಫೋನ್ ಮಾಡಿದರು. ದನಿಯಲ್ಲಿ ಸ್ವಲ್ಪ ಖುಷಿ. "ಅಕ್ಕಾ, ಈ ಸಲ ತಪ್ಪು ನಿಮ್ಮ ಕಡೇದು. ಮೂರು ಕಡೆ ಜೂನ್ 6 ಬಂದೈತೆ. ಕಾಪಿ ಪೇಸ್ಟ್ ಆಗೋಗೈತೆ ನೋಡ್ಕಳಿ." ನಾನು ಹಾಳೆ ತೆಗೆದು ನೋಡಿದೆ. ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6. ತೀರಿಕೊಂಡದ್ದು 1986ರ ಜೂನ್ 6. ಎಚ್. ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6. ಮೂರೂ ಸರಿ. ಒಬ್ಬರಿಗೆ 92ನೇ ವಯಸ್ಸಿನಲ್ಲಿ ಜ್ಞಾನಪೀಠ ಬಂತು, 1983ರಲ್ಲಿ. ಇನ್ನೊಬ್ಬರು ಓದಲು ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡು ಹೋದವರು. ಅಮೆರಿಕಾಕ್ಕೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಪಿಎಚ್.ಡಿ. ಮಾಡಿ ವಾಪಸ್ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಆಮೇಲೂ ಹಾಸ್ಟೆಲ್ ರೂಮಿನಲ್ಲೇ ಇದ್ದವರು. "ತಪ್ಪಲ್ಲ ಅಣ್ಣಾ, ನಿಜವಾಗಲೂ ಹಾಗೇ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಾರೆ ಇಬ್ಬರನ್ನೂ ಪಕ್ಕ ಪಕ್ಕ ನೇತಾಕಿ ಅಕ್ಕಾ" ಅಂದರು. ನೇತು ಹಾಕಿದ್ದೇವೆ. ಈ ಒಂದು ಫೋನಿಗೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ. ತಾರೀಖು ನೋಡಿ ಅನುಮಾನಪಟ್ಟು ಫೋನ್ ಮಾಡುವ ಅಂಗಡಿಯವರು ಎಷ್ಟು ಜನ ಇದ್ದಾರೆ ಹೇಳಿ?

ಕೈವಾರ ತಾತಯ್ಯನವರ ವಿಷಯದಲ್ಲಿ ಮಾತ್ರ ತಿದ್ದಿಸಿಕೊಂಡವಳು ನಾನು. ಅಂಗಡಿಯಣ್ಣ ಚಿಂತಾಮಣಿ ಕಡೆಯವರು. ತಾತಯ್ಯನವರ ಪಟ ಅವರ ಹತ್ತಿರ ರೆಡಿ ಇರುತ್ತದೆ, ದಿನಾ ಮಾರಾಟ. ನಾನು "ಕನ್ನಡದಲ್ಲಿ ತತ್ವಪದ ಬರೆದವರು" ಅಂತ ಕೊಟ್ಟಿದ್ದೆ. ಅವರು ಹಾಳೆ ನೋಡಿ ತಲೆ ಅಲ್ಲಾಡಿಸಿದರು. "ತೆಲುಗಲ್ಲೂ ಬರೆದವ್ರೆ ಅಕ್ಕಾ. ಅದೇ ಜಾಸ್ತಿ. ಅಮರನಾರೇಯಣ ಅಂತ ಅಂಕಿತ. ಬಳೆ ಮಾರ್ತಿದ್ದೋರು, ಅದನ್ನೂ ಬರೀರಿ." ಗಾಜು ಕತ್ತರಿಸುತ್ತಾ ಎರಡು ಸಾಲು ಹಾಡಿಯೂ ಬಿಟ್ಟರು. ನಮ್ಮ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನನಗೆ ಗೊತ್ತಿರಬೇಕಿತ್ತು. ಬರೆಸಿದೆ. ಆ ಪಟಕ್ಕೆ ಅವರು ಸುತ್ತಲೂ ಬಣ್ಣದ ಸೀರಿಯಲ್ ಲೈಟು ಸೇರಿಸಿ ಕೊಡುತ್ತೇನೆ ಅಂದರು. ಬೇಡ ಅಂದೆ. ಅವರಿಗೆ ಬೇಜಾರಾಯಿತು.

ಕಟ್ಟಿನ ಕೆಲಸ ಹೇಗೆ ಅಂದರೆ, ಇದರಲ್ಲಿ ಮಾತೇ ಇಲ್ಲ. ಕೂತು ನೋಡಿದ್ದೇನೆ. ಪಟ್ಟಿಯ ಎರಡೂ ತುದಿಯನ್ನು ಓರೆಯಾಗಿ ಕತ್ತರಿಸಿ, ನಾಲ್ಕು ಮೂಲೆ ಕೂಡಿಸಿ, ಟೇಪು ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಅಳೆಯುತ್ತಾರೆ. ಆಮೇಲೆ ಇನ್ನೆರಡು ಮೂಲೆ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ. ಒಂದು ಕಟ್ಟಿಗೆ ನೂಲಿನಷ್ಟು ವ್ಯತ್ಯಾಸ ಬಂತು. ನನಗೆ ಕಣ್ಣಿಗೆ ಕಾಣಲಿಲ್ಲ. ಬಿಚ್ಚಿ ಮತ್ತೆ ಕೂಡಿಸಿದರು. ಮರದ ಪಟ್ಟಿ ಕೇಳಿದೆ, ಊರಲ್ಲಿ ಗೆದ್ದಲು ಇದೆಯಾ ಅಂತ ಕೇಳಿದರು. ಇದೆ ಅಂದೆ. ಹಾಗಾದರೆ ಫೈಬರ್ ತಗೊಳ್ಳಿ ಅಂದರು. ಮರಕ್ಕೆ ಜಾಸ್ತಿ ದುಡ್ಡು ಸಿಗುತ್ತಿತ್ತು, ಆದರೂ ಅವರಾಗಿ ಹೇಳಿದ್ದು ಇದು. ಪ್ರಿಂಟ್ ಹೊಳೆಯುವುದು ಬೇಡ, ಟ್ಯೂಬ್‌ಲೈಟ್ ಬೆಳಕು ಗಾಜಿನಲ್ಲಿ ಹೊಡೆಯುತ್ತದೆ, ಮ್ಯಾಟ್ ಇರಲಿ ಅಂದರು. ಗಾಜಿಗೂ ಫೋಟೋಗೂ ನಡುವೆ ಬಿಳಿ ರಟ್ಟಿನ ಅಂಚು ಹಾಕಿದ್ದಾರೆ. ಅದು ಅಂದಕ್ಕೆ ಅಂದುಕೊಂಡಿದ್ದೆ. ಅಲ್ಲವಂತೆ. ಗಾಜಿಗೆ ನೇರ ತಾಗಿದರೆ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಂಡು ಬಿಡುತ್ತದೆ, ಕೀಳಲು ಹೋದರೆ ಮುಖವೇ ಕಿತ್ತು ಬರುತ್ತದೆ. ನಮ್ಮ ಮಾವನವರ ಫೋಟೋ ಹಾಗೇ ಹಾಳಾದದ್ದು ಯಾಕೆ ಅಂತ ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಹಿಂದುಗಡೆ ಸುತ್ತಲೂ ಕಂದು ಬಣ್ಣದ ಟೇಪು, ಹುಳ ಹೋಗದ ಹಾಗೆ. ಕೆಳಗಿನ ಎರಡು ಮೂಲೆಗೆ ಚಿಕ್ಕ ರಬ್ಬರ್ ತುಂಡು, ಕಟ್ಟು ಗೋಡೆಗೆ ಪೂರ್ತಿ ಒರಗದೆ ಗಾಳಿ ಆಡಲಿ ಅಂತ.

ಇಷ್ಟು ನೀಟಾಗಿ ಕೆಲಸ ಮಾಡುವವರು ದಿನ ಮಾತ್ರ ಯಾಕೆ ಹೀಗೆ ಹೇಳುತ್ತಾರೋ. ರಾಜ್ಯೋತ್ಸವಕ್ಕೆ ಬೇಕು ಅಂತ ಸೆಪ್ಟೆಂಬರ್ ಕೊನೆಗೇ ಅರ್ಧ ದುಡ್ಡು ಕೊಟ್ಟಿದ್ದೆ. "ಮಂಗಳವಾರ ಬನ್ನಿ ಅಕ್ಕಾ." ಮಂಗಳವಾರ ಹೋದರೆ ಗಾಜು ಬಂದಿಲ್ಲ. ಮುಂದಿನ ಶನಿವಾರ ಹೋದರೆ ಹುಡುಗ ಬಂದಿಲ್ಲ. ಆಯುಧಪೂಜೆ, ದೀಪಾವಳಿ ಅಂತ ದೇವರ ಪಟದ ಆರ್ಡರ್ ಬಂದರೆ ನಮ್ಮಂಥವರದ್ದು ಹಿಂದಕ್ಕೆ. ಆರ್ಡರ್ ಕೊಡಲು ಹೋದದ್ದೂ ಸೇರಿ ನಾಲ್ಕು ಸಲ ಬಸ್ಸಿನಲ್ಲಿ ಓಡಾಡಿದೆ. ನನಗೆ ಬಸ್ಸು ಫ್ರೀ ಇರಬಹುದು, ದಿನ ಫ್ರೀ ಅಲ್ಲ. ಆ ದಿನ ಲೈಬ್ರರಿ ಬಾಗಿಲು ತೆಗೆಯಲು ಬೇರೆಯವರನ್ನು ಕೇಳಿಕೊಳ್ಳಬೇಕು. ಕೊನೆಗೆ ಕೈಗೆ ಬಂದದ್ದು ಅಕ್ಟೋಬರ್ 31ರ ಸಂಜೆ ಆರೂವರೆಗೆ.

ಪ್ಯಾಕಿಂಗ್ ಪರವಾಗಿಲ್ಲ. ಎರಡೆರಡು ಕಟ್ಟು ಎದುರು ಬದುರು, ನಡುವೆ ರಟ್ಟು, ಮೇಲೆ ಹಳೇ ಪೇಪರು, ಹಗ್ಗ. ಕಂಡಕ್ಟರ್ ಡ್ರೈವರ್ ಹಿಂದೆ ನಿಲ್ಲಿಸಿಕೊಳ್ಳಲು ಬಿಟ್ಟರು. "ಯಾರಮ್ಮಾ ಇವರೆಲ್ಲಾ" ಅಂತ ಕೇಳಿದರು. ಕೆ.ಸಿ. ರೆಡ್ಡಿ ಹೆಸರು ಹೇಳಿದರೆ ಅವರೂ ಕ್ಯಾಸಂಬಳ್ಳಿ ಕಡೆಯವರಂತೆ, ಲಗೇಜ್ ಚಾರ್ಜ್ ಮಾತ್ರ ಬಿಡಲಿಲ್ಲ. ಒಂದು ಹಂಪಿನಲ್ಲಿ ನರಸಿಂಹಯ್ಯ ಮೇಷ್ಟ್ರ ಗಾಜು ಬಿರುಕು ಬಿಟ್ಟಿತು. ಬಸ್ಸಿನಲ್ಲಿ ಒಯ್ಯುವುದಾದರೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ ಅಂತ ಅಣ್ಣ ಮೊದಲೇ ಹೇಳಿದ್ದರು, ಎಂಬತ್ತು ರೂಪಾಯಿ ಜಾಸ್ತಿ ಅಂತ ನಾನೇ ಬೇಡ ಅಂದಿದ್ದೆ. ಆಮೇಲೆ ಹೊಸ ಗಾಜಿಗೆ 120 ತೆಗೆದುಕೊಂಡರು. ನ್ಯಾಯವೇ.

ಗೋಡೆಗೆ ಹಾಕಿ ಈಗ ಕೆಲವು ತಿಂಗಳಾಯಿತು. ಯಾರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ನನ್ನ ಟೇಬಲ್ಲಿನಿಂದ ಕಾಣುತ್ತದೆ. ವಿಶ್ವೇಶ್ವರಯ್ಯನವರನ್ನು ಎಲ್ಲರೂ ಗುರುತು ಹಿಡಿಯುತ್ತಾರೆ, ಹಾಗಾಗಿ ಯಾರೂ ನಿಲ್ಲುವುದಿಲ್ಲ. ತಿಮ್ಮಕ್ಕನವರ ಮುಂದೆ ನಿಂತು ಎಣಿಸುತ್ತಾರೆ. "385 ಆಲದ ಮರ, ಹುಳಿಕಲ್ಲಿನಿಂದ ಕುದೂರಿನ ದಾರಿಯಲ್ಲಿ" ಅಂತ ಬರೆಸಿದ್ದೇನೆ. ಒಬ್ಬ ಚಿಕ್ಕ ಹುಡುಗ ನಮ್ಮೂರಿನ ರಸ್ತೆಯಲ್ಲಿ ಎಷ್ಟು ಮರ ಇವೆ ಅಂತ ಎಣಿಸಿಕೊಂಡು ಬಂದ. ಹನ್ನೊಂದು. ಅದರಲ್ಲಿ ನಾಲ್ಕು ನೀಲಗಿರಿ. ಡಿ.ವಿ.ಜಿ. ಅವರ ಮುಂದೆ, ಆ ರಿಸಲ್ಟ್ ದಿನದ ಹುಡುಗ ಒಂದು ಸಲ ನಿಂತಿದ್ದ. ಓದಿದನೋ, ಫ್ಯಾನ್ ಕೆಳಗೆ ನಿಂತಿದ್ದನೋ, ನಾನು ಕೇಳಲಿಲ್ಲ. ಸಪ್ಲಿಮೆಂಟರಿಯಲ್ಲಿ ಪಾಸಾಗಿದ್ದಾನೆ, ಅದು ಫೋಟೋ ಬರುವ ಮೊದಲೇ.

ಅಂಗಡಿಗೆ ಹೋಗುವವರಿಗೆ ನನ್ನ ಮಾತು ಇಷ್ಟು. ಬರಹ ನೀವೇ ಟೈಪ್ ಮಾಡಿ, ಪಿಡಿಎಫ್ ಮಾಡಿಯೇ ಕೊಡಿ, ಅಕ್ಷರ ಉದುರುವುದಿಲ್ಲ. ಪ್ರೂಫನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಅಕ್ಷರ ನೋಡಿ, ಇನ್ನೊಬ್ಬರಿಗೂ ತೋರಿಸಿ. ದೇವರ ಹಬ್ಬದ ತಿಂಗಳಲ್ಲಿ ಆರ್ಡರ್ ಕೊಡಬೇಡಿ. ಹೋಗುವಾಗ ಊಟ ಮಾಡಿಕೊಂಡೇ ಹೋಗಿ, "ಐದು ನಿಮಿಷ ಕೂತ್ಕಳಿ ಅಕ್ಕಾ" ಅಂದರೆ ಒಂದೂವರೆ ಗಂಟೆ. ಕಟ್ಟು ಮಾತ್ರ ಕಣ್ಣು ಮುಚ್ಚಿ ಕೊಡಬಹುದು.

ಒಂದು ಕಟ್ಟಿನ ಕೊಂಡಿ ಈಗ ಸಡಿಲ ಆಗಿದೆ. ಸೌಂದರ್ಯ ಅವರದ್ದು. ಪಕ್ಕದ ಊರುಗಳಿಂದ ಬರುವ ಹೆಂಗಸರು ಅದನ್ನು ಇಳಿಸಿ, ಜೊತೆಗೆ ಸೆಲ್ಫಿ ತೆಗೆದುಕೊಂಡು, ಮತ್ತೆ ನೇತು ಹಾಕಿ ಹೋಗುತ್ತಾರೆ. ಮೂಗು ಮುರಿದ ಹಿರಿಯರಲ್ಲಿ ಒಬ್ಬರ ಮನೆಯವರೂ ತೆಗೆದುಕೊಂಡಿದ್ದಾರೆ. ಅಂಗಡಿಯಣ್ಣನಿಗೆ ಫೋನ್ ಮಾಡಿದೆ. ಒಂದು ವರ್ಷದೊಳಗೆ ಆದರೆ ದುಡ್ಡಿಲ್ಲ, ಬಿಲ್ ತನ್ನಿ ಅಂದರು. ಬಿಲ್ ಸ್ಟಾಕ್ ರಿಜಿಸ್ಟರಿನ ಒಳಗಿದೆ. ನಾಳೆ ಬೆಳಿಗ್ಗೆ ಹೋಗುತ್ತಿದ್ದೇನೆ, ಊಟ ಕಟ್ಟಿಕೊಂಡು.